‘ನೀ’ ಎಂದರೆ ಯಾರು?

ಅಲೆಮಾರಿ ಅಕ್ಷರ

ಕಳೆದ ವಾರ ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ವಿಡಿಯೊ ಸಭೆಗೆ ಹೊಸದಾಗಿ ಸೇರಿದ ಚೀನಾದ ಸಹೋದ್ಯೋಗಿಯೊಬ್ಬರು ತಮ್ಮ ಭಾಷೆಯಲ್ಲೇ ಎಲ್ಲರಿಗೂ ನಮಸ್ಕಾರ ಹೇಳಿದರು: ‘ನೀ ಹಾವ್’. ಪಕ್ಕದ ಕೋಣೆಯಲ್ಲಿದ್ದ ಅಮ್ಮ ಬಾಗಿಲಿಗೆ ಬಂದು, ‘ಯಾರೋ ಅದು, ನಿನ್ನನ್ನು ಹಾವು ಎನ್ನುತ್ತಿರುವುದು?’ ಎಂದು ಕೇಳಿದಳು. ಮೈಕ್ ತೆರೆದೇ ಇತ್ತು.

ಹಾವಿನ ವಿಷಯ ಹಾಗಿರಲಿ. ಸಭೆ ಮುಗಿದ ಮೇಲೆ ಹುಡುಕಿ ನೋಡಿದರೆ ಆ ‘ನೀ’ಗೆ ಅರ್ಥ ‘ನೀನು’ ಎಂದೇ! ಅಷ್ಟಕ್ಕೇ ನಿಲ್ಲಲಿಲ್ಲ. ಅಮೆರಿಕದ ಮೂಲನಿವಾಸಿಗಳಾದ ನವಾಹೊ ಜನರ ಭಾಷೆಯಲ್ಲೂ ‘ನಿ’ ಎಂದರೆ ನೀನು. ಮೂರು ಕಡೆ ಒಂದೇ ಪದ, ಒಂದೇ ಅರ್ಥ. ಇದು ಕಾಕತಾಳೀಯ ಎಂದರೆ ನಂಬಲು ಮನಸ್ಸು ಒಪ್ಪುತ್ತಿಲ್ಲ. ಯಾವುದೋ ಕಾಲದಲ್ಲಿ ಇವರೆಲ್ಲ ಒಂದೇ ಮನೆಯವರಾಗಿದ್ದಿರಬಹುದೇ? ತಿಳಿದವರು ಹೇಳಿ.

ನಿವೃತ್ತ ಮೇಷ್ಟ್ರು

ತಮ್ಮಾ, ಮನಸ್ಸು ಒಪ್ಪದಿರುವುದು ಒಳ್ಳೆಯ ಲಕ್ಷಣ. ಆದರೆ ಎರಡು ಪದಗಳ ಮುಖ ಒಂದೇ ಥರ ಕಂಡಾಗ ನಾನು ಮೊದಲು ಕೇಳುವುದು ಅವುಗಳ ಅಜ್ಜಂದಿರ ಮುಖ ಹೇಗಿತ್ತು ಎಂದು.

ಮೊದಲು ನಮ್ಮ ‘ನೀ’. ಹಳಗನ್ನಡದಲ್ಲಿ ಏಕವಚನಕ್ಕೆ ‘ನೀನ್’, ಬಹುವಚನಕ್ಕೆ ‘ನೀಮ್’. ಅವೇ ಮುಂದೆ ‘ನೀನು’, ‘ನೀವು’ ಆದವು. ತಮಿಳು, ಮಲಯಾಳಗಳಲ್ಲಿ ‘ನೀ’. ಗ್ರಾಂಥಿಕ ತೆಲುಗಿನಲ್ಲಿ ‘ನೀವು’ ಎಂದರೆ ಏಕವಚನ, ಹಾಗಾಗಿ ತೆಲುಗರು ‘ನೀವು’ ಎಂದರೆ ಮರ್ಯಾದೆ ಕೊಟ್ಟರೆಂದು ಹಿಗ್ಗಬೇಡಿ. ಜಾರ್ಖಂಡ್, ಛತ್ತೀಸ್‌ಗಢದ ಕುಡುಖ್ ಭಾಷೆಯಲ್ಲಿ ‘ನೀನ್’. ಇನ್ನೂ ದೂರ ಹೋದರೆ, ಬಲೂಚಿಸ್ತಾನದ ಬ್ರಾಹುಈ ಭಾಷೆಯಲ್ಲಿ ಮತ್ತೆ ‘ನೀ’. ಇವರು ನಿಜವಾದ ದಾಯಾದಿಗಳು. ಹಾಗೆನ್ನಲು ಕಾರಣ ಈ ಒಂದು ‘ನೀ’ ಅಲ್ಲ. ಬ್ರಾಹುಈಯಲ್ಲಿ ಎರಡಕ್ಕೆ ‘ಇರಟ್’, ಮೂರಕ್ಕೆ ‘ಮುಸಿಟ್’. ಹೀಗೆ ಎಣಿಕೆ, ಸರ್ವನಾಮ, ಕ್ರಿಯಾಪದ ಎಲ್ಲವೂ ಒಟ್ಟಿಗೆ ಸಾಕ್ಷಿ ಹೇಳುತ್ತವೆ.

ಈಗ ಚೀನೀ ‘ನೀ’. ಕ್ರಿ.ಶ. 601ರಲ್ಲಿ ಚೀನಾದಲ್ಲಿ ಸಿದ್ಧವಾದ ‘ಚಿಯೆಯುನ್’ ಎಂಬ ಪ್ರಾಸಕೋಶದಿಂದ ಆ ಕಾಲದ ಉಚ್ಚಾರಣೆಯನ್ನು ಪಂಡಿತರು ಊಹಿಸುತ್ತಾರೆ. ಈ ಪದ ಆಗ ಹೆಚ್ಚುಕಡಿಮೆ ‘ನ್ಯೆ’ ಎಂದು ಕೇಳುತ್ತಿತ್ತು. ಅದರ ದಾಯಾದಿಗಳು ನಮ್ಮ ದೇಶದಲ್ಲೇ ಇದ್ದಾರೆ. ಮಣಿಪುರಿಯಲ್ಲಿ ‘ನಂಗ್’ ಎಂದರೆ ನೀನು, ಮಿಜೊ ಭಾಷೆಯಲ್ಲೂ ‘ನಂಗ್’. ಚೀನೀ ‘ನೀ’ಗೆ ರಕ್ತಸಂಬಂಧ ಇರುವುದು ಈ ‘ನಂಗ್’ ಜೊತೆಗೆ, ಕನ್ನಡದ ‘ನೀ’ ಜೊತೆಗಲ್ಲ.

ಇನ್ನೊಂದು ತಮಾಷೆ ಕೇಳಿ. ಆ ಕಾಲದಲ್ಲಿ ‘ನ್ಯ’ ಧ್ವನಿಯಿಂದ ಶುರುವಾಗುತ್ತಿದ್ದ ಇಂಥ ಪದಗಳೆಲ್ಲ ಉತ್ತರ ಚೀನಾದಲ್ಲಿ ಕ್ರಮೇಣ ‘ಎರ್’ ಆಗಿಬಿಟ್ಟವು. ‘ಎರಡು’ ಎಂಬುದಕ್ಕೆ ಅವರ ಪದ ಹಿಂದೆ ‘ನ್ಯಿ’ ಎಂಬಂತಿತ್ತು, ಈಗ ‘ಎರ್’. ‘ನೀನು’ ಎಂಬುದೂ ಪುಸ್ತಕದ ಓದಿನಲ್ಲಿ ‘ಎರ್’ ಆಯಿತು. ಆದರೆ ಜನರ ಬಾಯಲ್ಲಿ ಮಾತ್ರ ಅದು ಮೊಂಡುತನದಿಂದ ‘ನೀ’ ಆಗಿಯೇ ಉಳಿಯಿತು. ಆಡುವುದೊಂದು, ಓದುವುದೊಂದು ಆದದ್ದರಿಂದ ಹಳೆಯ ಅಕ್ಷರಕ್ಕೆ ‘ಮನುಷ್ಯ’ ಎಂಬ ಚಿಹ್ನೆ ಸೇರಿಸಿ ಬೇರೆಯೇ ಒಂದು ಅಕ್ಷರ ಬರೆಯಬೇಕಾಯಿತು. ಅದೂ ಉಳಿದವುಗಳಂತೆ ನಿಯಮ ಪಾಲಿಸಿದ್ದರೆ ಇವತ್ತು ನಿಮ್ಮ ಸಹೋದ್ಯೋಗಿ ‘ಎರ್ ಹಾವ್’ ಎನ್ನುತ್ತಿದ್ದರು, ಅಮ್ಮ ಬಾಗಿಲಿಗೆ ಬರುತ್ತಿರಲಿಲ್ಲ.

ಬಿಡುವಿನ ಓದುಗ

ಮೇಷ್ಟ್ರೇ, ಜಪಾನೀಯರು ಒಂದು, ಎರಡು, ಮೂರು ಎಂದು ‘ಇಚಿ, ನಿ, ಸಾನ್’ ಎಣಿಸುತ್ತಾರಲ್ಲ, ಆ ‘ನಿ’ ಇದೇನಾ?

ನಿವೃತ್ತ ಮೇಷ್ಟ್ರು

ಅದೇ. ಚೀನಾದಲ್ಲಿ ಇನ್ನೂ ‘ನ’ಕಾರ ಉಳಿದಿದ್ದ ಕಾಲದಲ್ಲಿ ಜಪಾನೀಯರು ಪಡೆದ ಸಾಲ. ಸಾಲ ಕೊಟ್ಟವನ ಕೈಯಲ್ಲಿ ಆ ನಾಣ್ಯ ಈಗಿಲ್ಲ, ಪಡೆದವನ ಜೇಬಿನಲ್ಲಿ ಭದ್ರವಾಗಿದೆ. ಅವರ ಸ್ವಂತ ಪದ ಬೇಕೆಂದರೆ ‘ಫುತತ್ಸು’ ಇದೆ. ಚೀನಾದಲ್ಲೂ ಪೂರ್ತಿ ಕಳೆದುಹೋಗಿಲ್ಲ ಅನ್ನಿ, ಶಾಂಘಾಯ್ ಕಡೆಯ ಮಾತಿನಲ್ಲಿ ಎರಡು ಇವತ್ತಿಗೂ ‘ನ್ಯಿ’.

ಲೆಕ್ಕಾಚಾರ

ಅಲೆಮಾರಿಯವರೇ, ಕಾಕತಾಳೀಯ ಎಂದರೆ ನಂಬಲಾಗುತ್ತಿಲ್ಲ ಎಂದಿರಿ. ಒಂದು ಒರಟು ಲೆಕ್ಕ ಹಾಕೋಣ.

ಒಂದು ಭಾಷೆಗೆ 20 ವ್ಯಂಜನ, 5 ಸ್ವರ ಇವೆ ಎಂದುಕೊಳ್ಳಿ. ಒಂದು ವ್ಯಂಜನ, ಒಂದು ಸ್ವರ ಸೇರಿದರೆ 100 ಗುಣಿತಾಕ್ಷರಗಳು. ಪ್ರಪಂಚದಲ್ಲಿ ಸುಮಾರು 7000 ಭಾಷೆಗಳು. ಪ್ರತಿ ಭಾಷೆಯೂ ಕಣ್ಣು ಮುಚ್ಚಿ ಚೀಟಿ ಎತ್ತಿ ‘ನೀನು’ ಎಂಬುದಕ್ಕೆ ಒಂದು ಗುಣಿತಾಕ್ಷರವನ್ನು ಆರಿಸಿದರೂ 70 ಭಾಷೆಗಳಿಗೆ ‘ನಿ’ ಸಿಗುತ್ತದೆ. ಯಾವ ನೆಂಟಸ್ತನವೂ ಇಲ್ಲದೆ!

ಚೀಟಿಗಳೂ ಸಮವಾಗಿಲ್ಲ. ‘ನ’ ಇಲ್ಲದ ಭಾಷೆ ಬಲು ಅಪರೂಪ, ‘ಇ’ ಇಲ್ಲದ್ದೂ ಹಾಗೆಯೇ. ಸರ್ವನಾಮಗಳು ದಿನಕ್ಕೆ ಸಾವಿರ ಸಲ ಬಾಯಲ್ಲಿ ಹೊರಳುವ ಪದಗಳಾದ್ದರಿಂದ ಸವೆದು ಚಿಕ್ಕದಾಗುತ್ತವೆ. ಮೂಗಿನಿಂದ ಹೊರಡುವ ‘ನ’, ‘ಮ’ಗಳ ಮೇಲೆ ಅವಕ್ಕೆ ಒಲವೂ ಜಾಸ್ತಿ. ಸಾಲದ್ದಕ್ಕೆ ‘ನಿ’ ಸಿಗದಿದ್ದರೆ ನಾವು ‘ನೆ’, ‘ನು’, ‘ನಿನ್’ ಕಂಡರೂ ‘ಸಿಕ್ಕಿತು’ ಎಂದು ಕುಣಿಯುತ್ತೇವೆ. ಇಷ್ಟು ದೊಡ್ಡ ಬಲೆ ಬೀಸಿದ ಮೇಲೆ ಮೀನು ಬೀಳದಿದ್ದರೇ ಆಶ್ಚರ್ಯ.

ಬಿಡುವಿನ ಓದುಗ

ಲೆಕ್ಕಾಚಾರದವರ ಮಾತಿಗೆ ಪುರಾವೆ ಬೇಕಿದ್ದರೆ ‘ನೀನು’ ಎಂಬ ಅರ್ಥವನ್ನು ಪಕ್ಕಕ್ಕಿಟ್ಟು ನೋಡಿ.

ಸ್ಪೇನ್ ಮತ್ತು ಫ್ರಾನ್ಸ್ ಗಡಿಯಲ್ಲಿರುವ ಬಾಸ್ಕ್ ಭಾಷೆ ಪ್ರಪಂಚದ ಯಾವ ಭಾಷೆಗೂ ನೆಂಟನಲ್ಲದ ಒಂಟಿ. ಅದರಲ್ಲಿ ‘ನಿ’ ಎಂದರೆ ನಾನು. ಪಶ್ಚಿಮ ಆಫ್ರಿಕಾದ ಹೌಸಾ ಭಾಷೆಯಲ್ಲೂ ‘ನಿ’ ಎಂದರೆ ನಾನು. ವೇಲ್ಸ್‌ನವರಿಗೆ ‘ನಿ’ ಎಂದರೆ ನಾವು. 1887ರಲ್ಲಿ ಜಾಮೆನ್‌ಹಾಫ್ ಕಟ್ಟಿದ ಎಸ್ಪೆರಾಂಟೊ ಎಂಬ ಕೃತಕ ಭಾಷೆಯಲ್ಲೂ ‘ನಿ’ ಎಂದರೆ ನಾವು. ಅಂದರೆ ಈ ಒಂದು ಅಕ್ಷರ ಎಲ್ಲೋ ನಾನು, ಎಲ್ಲೋ ನೀನು, ಮತ್ತೆಲ್ಲೋ ನಾವು. ಒಂದೇ ಕೋಣೆಯಲ್ಲಿ ಒಬ್ಬ ಕನ್ನಡಿಗ, ಒಬ್ಬ ಬಾಸ್ಕ್ ‘ನೀ, ನೀ’ ಎಂದು ಜಗಳಕ್ಕೆ ನಿಂತರೆ ತಪ್ಪು ಯಾರದು ಎಂಬ ಬಗ್ಗೆ ಇಬ್ಬರಿಗೂ ಒಮ್ಮತವಿರುತ್ತದೆ!

ಇದರ ನಡುವೆ ನಿಜವಾದ ನೆಂಟಸ್ತನವೂ ಒಂದಿದೆ. ಅರಬ್ಬಿಯಲ್ಲಿ ಕ್ರಿಯಾಪದದ ಕೊನೆಗೆ ಅಂಟುವ ‘ನೀ’ಗೆ ಅರ್ಥ ‘ನನ್ನನ್ನು’. ಹೌಸಾ ಮತ್ತು ಅರಬ್ಬಿ ಒಂದೇ ಆಫ್ರೋ-ಏಷ್ಯಾಟಿಕ್ ಕುಟುಂಬದವು, ಈ ಎರಡು ‘ನೀ’ಗಳೂ ಒಂದೇ ಬೇರಿನ ಚಿಗುರುಗಳೆಂದು ಪಂಡಿತರು ಹೇಳುತ್ತಾರೆ. ಪಂಜಾಬಿಯಲ್ಲಿ ‘ನೀ’ ಹೆಂಗಸರನ್ನು ಕರೆಯುವ ಪದ, ನಮ್ಮ ‘ಏ’, ‘ಎಲೇ’ ಇದ್ದ ಹಾಗೆ. ಪಂಜಾಬಿ ಹಾಡು ಕೇಳುವಾಗ ಕನ್ನಡದ ಕಿವಿ ಅಲ್ಲಿ ಪ್ರತಿ ಸಲ ಎಡವುತ್ತದೆ.

ಉಪಶೀರ್ಷಿಕೆ

ನನ್ನದೊಂದು ತಕರಾರು. ನಾನು ಕೊರಿಯನ್ ಧಾರಾವಾಹಿಗಳನ್ನು ನೋಡುತ್ತೇನೆ (ನಗುವವರು ನಗಬಹುದು). ಅಲ್ಲಿ ಮಗಳು ಅಪ್ಪನನ್ನು ‘ಅಪ್ಪಾ’ ಎಂದೇ ಕರೆಯುತ್ತಾಳೆ, ಅಮ್ಮನಿಗೆ ‘ಓಮ್ಮಾ’. ‘ನಾ’ ಎಂದರೆ ನಾನು, ‘ನಿ’ ಎಂದರೆ ನೀನು. ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ನಮ್ಮ ಹಾಗೆ. ಒಂದೇ ಪದ ಹೊಂದಿದರೆ ಕಾಕತಾಳೀಯ ಎನ್ನಬಹುದು. ಇಷ್ಟೊಂದು ಹೊಂದಿದರೆ?

ನಿವೃತ್ತ ಮೇಷ್ಟ್ರು

ತಂಗೀ, ನೂರ ಇಪ್ಪತ್ತು ವರ್ಷಗಳ ಹಿಂದೆಯೇ ನಿಮ್ಮಂತೆ ಬೆರಗಾದವರಿದ್ದರು. ಹೋಮರ್ ಹಲ್ಬರ್ಟ್ ಎಂಬ ಅಮೆರಿಕನ್ ಪಾದ್ರಿ 1905ರಲ್ಲಿ ಕೊರಿಯನ್ ಮತ್ತು ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನೇ ಪ್ರಕಟಿಸಿದರು. ಆಮೇಲೆ ಜಪಾನಿನ ಸುಸುಮು ಓನೊ ಎಂಬ ದೊಡ್ಡ ವಿದ್ವಾಂಸರು ಜಪಾನಿ ಭಾಷೆಗೂ ತಮಿಳಿಗೂ ಸಂಬಂಧವಿದೆ ಎಂದು ವಾದಿಸಿದರು. ಭಾಷಾವಿಜ್ಞಾನಿಗಳಲ್ಲಿ ಹೆಚ್ಚಿನವರು ಎರಡನ್ನೂ ಒಪ್ಪಲಿಲ್ಲ.

‘ಅಪ್ಪ’, ‘ಅಮ್ಮ’ಗಳನ್ನು ಮೊದಲೇ ಪಟ್ಟಿಯಿಂದ ಹೊಡೆದುಹಾಕಿ. ಹಾಲು ಕುಡಿಯುವ ಕೂಸಿನ ತುಟಿಗಳು ಮೊದಲು ಮಾಡಬಲ್ಲ ಸದ್ದುಗಳೇ ‘ಮ’, ‘ಪ’, ‘ಬ’. ಕೂಸು ಸುಮ್ಮನೆ ತುಟಿ ಬಡಿಯುತ್ತದೆ, ತನ್ನನ್ನೇ ಕರೆಯಿತೆಂದು ತಾಯಿ ಓಡಿ ಬರುತ್ತಾಳೆ. ಎಲ್ಲ ನಾಡಿನಲ್ಲೂ ಇದೇ ಕಥೆ. ಭಾಷಾವಿಜ್ಞಾನಿ ರೋಮನ್ ಯಾಕೊಬ್ಸನ್ ಇದನ್ನು ಬಲು ಸೊಗಸಾಗಿ ವಿವರಿಸಿದ್ದಾರೆ. ಕ್ರಿಯಾಪದ ಕೊನೆಗೆ ಬರುವುದು ನೆಂಟಸ್ತನಕ್ಕೆ ಪುರಾವೆಯಾದರೆ ತುರ್ಕಿ, ಬಾಸ್ಕ್ ಭಾಷೆಗಳನ್ನೂ ನಮ್ಮ ಮನೆಗೆ ಕರೆಯಬೇಕಾಗುತ್ತದೆ.

ಉಪಶೀರ್ಷಿಕೆ

ಅಪ್ಪ ಅಮ್ಮನನ್ನು ಬಿಟ್ಟುಕೊಟ್ಟೆ. ‘ನಿ’ಯನ್ನು ಬಿಡುವುದಿಲ್ಲ.

(ಎರಡು ಗಂಟೆಯ ಬಳಿಕ) ಬಿಡಬೇಕಾಯಿತು. ಕೊರಿಯನ್ ಕಲಿಯುತ್ತಿರುವ ಗೆಳತಿಯನ್ನು ಕೇಳಿದೆ. ಬರಹದಲ್ಲಿ ‘ನನ್ನ’ ಎಂಬುದಕ್ಕೆ ‘ನ್ಯಾ’ ಎಂಬಂಥ ಸ್ವರ, ‘ನಿನ್ನ’ ಎಂಬುದಕ್ಕೆ ‘ನೆ’. ಈಗಿನ ತಲೆಮಾರಿನವರ ಬಾಯಲ್ಲಿ ಆ ಎರಡು ಸ್ವರಗಳೂ ಬೆರೆತು ಎರಡೂ ‘ನೆ’ ಎಂದೇ ಕೇಳುತ್ತವಂತೆ. ‘ಇದು ನನ್ನದು’ ಎಂದರೂ ‘ಇದು ನಿನ್ನದು’ ಎಂದರೂ ಒಂದೇ ಸದ್ದಾದರೆ ಸಂಸಾರ ನಡೆಯುವುದು ಹೇಗೆ? ಅದಕ್ಕೇ ‘ನಿನ್ನ’ ಎಂಬುದನ್ನು ಮಾತಿನಲ್ಲಿ ‘ನಿ’ ಮಾಡಿಕೊಂಡಿದ್ದಾರೆ. ನಾನು ಸಾವಿರಾರು ವರ್ಷ ಹಳೆಯದೆಂದು ಎದೆಗಪ್ಪಿಕೊಂಡಿದ್ದ ‘ನಿ’ ಗೊಂದಲ ತಪ್ಪಿಸಲು ಈಚೆಗೆ ಹಾಕಿದ ತೇಪೆ.

ತಂಬೂರಿ

ಎಲ್ಲರೂ ದೇಶ ಸುತ್ತುತ್ತಿದ್ದೀರಿ. ದಿನಾ ಬೆಳಿಗ್ಗೆ ನಾನು ಹಾಡುವ ‘ನಿ’ಯನ್ನು ಯಾರೂ ಕೇಳಲಿಲ್ಲವಲ್ಲ! ಸ ರಿ ಗ ಮ ಪ ದ ನಿ. ಏಳನೆಯ ಸ್ವರ, ನಿಷಾದ. ನಮ್ಮ ಕರ್ನಾಟಕ ಸಂಗೀತದಲ್ಲಿ ಶುದ್ಧ, ಕೈಶಿಕಿ, ಕಾಕಲಿ ಎಂದು ಮೂರು ನಿಷಾದಗಳು. ಕಾಕಲಿ ನಿಷಾದ ಮೇಲಿನ ಷಡ್ಜದ ಹೊಸ್ತಿಲಲ್ಲೇ ನಿಂತಿರುತ್ತದೆ. ಅದನ್ನು ಹಿಡಿದು ನಿಲ್ಲಿಸಿದರೆ ಕೇಳುವವರ ಉಸಿರೂ ನಿಲ್ಲುತ್ತದೆ, ‘ಸ’ಕ್ಕೆ ಯಾವಾಗ ಕಾಲಿಡುತ್ತೀಯ ಎಂದು.

ನಮ್ಮಲ್ಲಿ ‘ಸ್ವರಾಕ್ಷರ’ ಎಂಬ ಚಮತ್ಕಾರವಿದೆ. ಸಾಹಿತ್ಯದ ಅಕ್ಷರವೂ ಅದು ಕೂರುವ ಸ್ವರದ ಹೆಸರೂ ಒಂದೇ ಆಗುವಂತೆ ಹೊಂದಿಸುವುದು. ತೆಲುಗಿನಲ್ಲಿ ‘ನೀ’ ಎಂದರೆ ‘ನಿನ್ನ’. ‘ನೀ ಪಾದ’ ಎಂದು ಬರೆದು ಅದನ್ನು ನಿ, ಪ, ದ ಸ್ವರಗಳ ಮೇಲೇ ಕೂರಿಸಿದರೆ ಹಾಡುತ್ತಿರುವುದು ಸ್ವರವೋ ಸಾಹಿತ್ಯವೋ ಗೊತ್ತೇ ಆಗುವುದಿಲ್ಲ. ಆ ಗಳಿಗೆಯಲ್ಲಿ ದ್ರಾವಿಡದ ‘ನೀ’ ಮತ್ತು ಸಂಸ್ಕೃತದ ‘ನಿ’ ಒಂದೇ ಉಸಿರಿನಲ್ಲಿರುತ್ತವೆ. ಸಂಬಂಧವಿಲ್ಲದಿದ್ದರೆ ಏನಂತೆ, ಜೊತೆಯಾಗಿ ಕೂರಬಾರದೇ?

ಮೇಷ್ಟ್ರೇ, ‘ನಿಷಾದ’ದ ಆ ‘ನಿ’ ಎಲ್ಲಿಯದು?

ನಿವೃತ್ತ ಮೇಷ್ಟ್ರು

ಅದು ಉಪಸರ್ಗ. ‘ನಿ’ ಎಂದರೆ ಕೆಳಗೆ, ಒಳಗೆ. ಕೆಳಗೆ ಇಟ್ಟದ್ದು ‘ನಿಧಿ’. (‘ನಿರ್ಭಯ’, ‘ನಿಷ್ಫಲ’ಗಳಲ್ಲಿ ಬರುವ ‘ಇಲ್ಲದ’ ಎಂಬ ಅರ್ಥದ ‘ನಿಸ್’ ಬೇರೆ. ಬೆರೆಸಬೇಡಿ.) ‘ಸದ್’ ಎಂದರೆ ಕೂರು. ‘ನಿ’ ಜೊತೆ ‘ಸದ್’ ಸೇರಿದರೆ ‘ನಿಷಾದ’, ಸ್ವರಗಳೆಲ್ಲ ಬಂದು ಕೂರುವ ತಾಣ ಎಂದು ಹಿಂದಿನವರ ವಿವರಣೆ. ‘ಉಪನಿಷತ್’ನಲ್ಲಿ ಇರುವುದೂ ಇವೇ ಎರಡು, ಮುಂದೆ ‘ಉಪ’ ಸೇರಿಕೊಂಡಿದೆ. ಹತ್ತಿರ ಬಂದು ಕೆಳಗೆ ಕೂರುವುದು.

ಹಕ್ಕಿ ಕೂರುವ ಜಾಗವೂ ಅದೇ. ಗೂಡಿಗೆ ಸಂಸ್ಕೃತದಲ್ಲಿ ‘ನೀಡ’ ಎನ್ನುತ್ತಾರೆ, ನಮ್ಮ ಹಳೆಯ ಕಾವ್ಯಗಳನ್ನು ಓದಿದವರಿಗೆ ಗೊತ್ತಿರುತ್ತದೆ. ಬಹು ಹಿಂದೆ ಅದು ‘ನಿ-ಸ್ದ’ ಎಂಬಂತಿತ್ತು. ನಡುವಿನ ಸಕಾರ ಮೃದುವಾಗಿ ಕರಗಿ ಹೋಯಿತು, ಹೋಗುವಾಗ ಹಿಂದಿನ ‘ನಿ’ಯನ್ನು ‘ನೀ’ ಎಂದು ಎಳೆದು, ಮುಂದಿನ ‘ದ’ವನ್ನು ‘ಡ’ ಮಾಡಿ ಹೋಯಿತು. ಲ್ಯಾಟಿನ್‌ನಲ್ಲಿಯೂ ಹಾಗೆಯೇ ಸಕಾರ ಕಳೆದು ‘ನೀದುಸ್’ ಆಯಿತು. ಇಂಗ್ಲಿಷ್ ಮಾತ್ರ ಆ ಸಕಾರವನ್ನು ಬಿಡದೆ ಹಿಡಿದುಕೊಂಡು ‘ನೆಸ್ಟ್’ ಎನ್ನುತ್ತದೆ. ಲ್ಯಾಟಿನ್ ‘ನೀದುಸ್’ ಫ್ರೆಂಚರ ಬಾಯಲ್ಲಿ ಸವೆದು ಸವೆದು ಏನಾಯಿತು ಗೊತ್ತೇ? ಬರೆಯುವಾಗ ಕೊನೆಯಲ್ಲೊಂದು ‘ದ್’ ಇದೆ, ಹೇಳುವಾಗ ಬರೀ ‘ನಿ’! ಫ್ರೆಂಚ್ ಹಕ್ಕಿಯ ಗೂಡು ‘ನಿ’.

ಮೂಳೆ ಡಾಕ್ಟರ್

ತಡವಾಗಿ ಬಂದೆ, ಕ್ಷಮಿಸಿ. ನನ್ನ ದಿನ ಕಳೆಯುವುದೇ ‘ನೀ’ ಜೊತೆಗೆ. ಇಂಗ್ಲಿಷಿನ ‘ನೀ’, ಅಂದರೆ ಮೊಣಕಾಲು. ಒಮ್ಮೆ ನಮ್ಮ ಸಹಾಯಕ ಚೀಟಿಯಲ್ಲಿ ಕನ್ನಡದಲ್ಲೇ ‘ನೀ ಎಕ್ಸ್‌ರೇ ಮಾಡಿಸಿಕೊಂಡು ಬರಬೇಕು’ ಎಂದು ಬರೆದುಕೊಟ್ಟಿದ್ದ. ಎಪ್ಪತ್ತು ದಾಟಿದ ಅಜ್ಜಿ ಅದನ್ನು ಓದಿ ಮುಖ ಬಿಗಿದುಕೊಂಡು ಒಳಗೆ ಬಂದರು. ‘ನನ್ನ ಮೊಮ್ಮಗನ ವಯಸ್ಸಿನವನು, ನೀ ತಾ ಅಂತ ಬರೆಯುತ್ತಾನಲ್ಲ ಡಾಕ್ಟರೇ!’ ಅಂದಿನಿಂದ ನಮ್ಮಲ್ಲಿ ‘ಮೊಣಕಾಲು’ ಎಂದೇ ಬರೆಯುವುದು.

ಇಂಗ್ಲಿಷಿನಲ್ಲಿ ಅದರ ಮುಂದೊಂದು ‘ಕ’ಕಾರ ಬರೆದು ಹೇಳದೆ ಬಿಡುತ್ತಾರೆ. ಯಾಕೆ?

ನಿವೃತ್ತ ಮೇಷ್ಟ್ರು

ಹಿಂದೆ ಹೇಳುತ್ತಿದ್ದರು. ಹಳೆಯ ಇಂಗ್ಲಿಷಿನಲ್ಲಿ ಅದು ‘ಕ್ನೇಓ’. ಜರ್ಮನರು ಇವತ್ತಿಗೂ ‘ಕ್ನೀ’ ಎನ್ನುತ್ತಾರೆ. ಇಂಗ್ಲಿಷರ ನಾಲಗೆ ಕೆಲವು ಶತಮಾನಗಳ ಹಿಂದೆ ಆ ‘ಕ’ಕಾರವನ್ನು ಬಿಟ್ಟಿತು, ಕಾಗುಣಿತ ಬಿಡಲಿಲ್ಲ. ಡಾಕ್ಟರೇ, ಆ ‘ಕ್ನೀ’ಯ ಸೋದರ ಸಂಬಂಧಿ ನಿಮಗೆ ಗೊತ್ತಿರುವವನೇ. ಸಂಸ್ಕೃತದ ‘ಜಾನು’. ಮೊಣಕಾಲು ಮುಟ್ಟುವಷ್ಟು ಉದ್ದ ತೋಳುಗಳಿರುವವನನ್ನು ‘ಆಜಾನುಬಾಹು’ ಎನ್ನುತ್ತೇವಲ್ಲ, ಆ ಜಾನು.

ಸಂದೇಹಿ

ಇಷ್ಟು ಹೊತ್ತು ಸುಮ್ಮನೆ ಓದಿದೆ. ಇನ್ನು ತಡೆಯಲಾಗುವುದಿಲ್ಲ. ಕನ್ನಡದ ‘ನೀ’, ಚೀನಾದ ‘ನೀ’: ಸದ್ದು ಒಂದೇ, ಅರ್ಥ ಒಂದೇ. ಅವು ನೆಂಟರಲ್ಲ! ಇಂಗ್ಲಿಷಿನ ‘ನೀ’, ಸಂಸ್ಕೃತದ ‘ಜಾನು’: ಒಂದಕ್ಕೊಂದು ಹೋಲಿಕೆಯೇ ಇಲ್ಲ. ಅವು ನೆಂಟರು! ಪಂಡಿತರು ಬೇಕಾದಾಗ ಕಟ್ಟುವುದು, ಬೇಡವಾದಾಗ ಬಿಚ್ಚುವುದು. ಇದು ಶಾಸ್ತ್ರವೋ ಜಾದೂವೋ?

ನಿವೃತ್ತ ಮೇಷ್ಟ್ರು

ಸಂದೇಹಿಗಳೇ, ಮೂವತ್ತೆರಡು ವರ್ಷ ಪಾಠ ಮಾಡಿದೆ. ಈ ಪ್ರಶ್ನೆಯನ್ನು ನೇರವಾಗಿ ಕೇಳಿದ ವಿದ್ಯಾರ್ಥಿಗಳು ಇಬ್ಬರೋ ಮೂವರೋ. ಸಂತೋಷವಾಯಿತು.

‘ಜಾನು’ ಒಂಟಿಯಾಗಿ ‘ಕ್ನೀ’ಗೆ ಹೊಂದಿದ್ದರೆ ನಾನೂ ನಂಬುತ್ತಿರಲಿಲ್ಲ. ಸಂಸ್ಕೃತದಲ್ಲಿ ‘ಜ್ಞಾ’, ತಿಳಿ ಎಂಬ ಧಾತು. ಇಂಗ್ಲಿಷಿನಲ್ಲಿ ‘ನೋ’, ಬರೆಯುವಾಗ ಮುಂದೆ ಅದೇ ಮೂಕ ‘ಕ’ಕಾರ. ಸಂಸ್ಕೃತದಲ್ಲಿ ‘ಜನ’, ಇಂಗ್ಲಿಷಿನಲ್ಲಿ ಬಂಧುಬಳಗಕ್ಕೆ ‘ಕಿನ್’. ಅಲ್ಲಿ ‘ಜ’ ಇದ್ದಲ್ಲಿ ಇಲ್ಲಿ ‘ಕ’. ಒಮ್ಮೆ ಅಲ್ಲ, ಸಾಲಾಗಿ. ಲ್ಯಾಟಿನ್, ಗ್ರೀಕ್‌ಗಳಲ್ಲಿ ಅದೇ ಜಾಗದಲ್ಲಿ ‘ಗ’, ಅದೂ ಸಾಲಾಗಿ. ಮೊಣಕಾಲಿಗೆ ಲ್ಯಾಟಿನ್‌ನಲ್ಲಿ ‘ಗೆನು’. ಮುಖ ಹೋಲುವುದನ್ನು ನಾವು ಕೇಳುವುದಿಲ್ಲ. ವ್ಯತ್ಯಾಸವೇ ಒಂದು ಕಟ್ಟಳೆಗೆ ಬದ್ಧವಾಗಿದೆಯೇ ಎಂದು ಕೇಳುತ್ತೇವೆ. ಚೀನೀ ‘ನೀ’ ಹೊಂದಿತು, ಸರಿ. ಕನ್ನಡದ ‘ನ’ಕಾರ ಇರುವ ಇನ್ನು ಹತ್ತು ಪದಗಳಿಗೆ ಚೀನೀಯಲ್ಲಿ ಜೊತೆ ತೋರಿಸಿ ನೋಡೋಣ. ನೀರು? ನಾಲಗೆ? ನಾಯಿ? ನಾಲ್ಕು? ಅಲ್ಲಿಗೆ ದಾರಿ ಮುಗಿಯುತ್ತದೆ.

ಇನ್ನೊಂದು. ಡೆನ್ಮಾರ್ಕಿನಲ್ಲಿ ‘ನಿ’ ಎಂದರೆ ಒಂಬತ್ತು. ಅದು ನಮ್ಮ ‘ನವಗ್ರಹ’, ‘ನವರತ್ನ’ಗಳ ‘ನವ’ದ ಖಾಸಾ ಸೋದರ. ಕನ್ನಡದ ‘ಒಂಬತ್ತು’ ಮಾತ್ರ ಬೇರೆ ಜಾತಿಯದು, ಹತ್ತಕ್ಕೆ ಒಂದು ಕಡಿಮೆ ಎಂಬ ಲೆಕ್ಕದ್ದು.

ಸಂದೇಹಿ

‘ನಾಯಿ’ ಕೇಳಿ ಸ್ವಲ್ಪ ಹುಡುಕಿದೆ. ಸಿಗಲಿಲ್ಲ. ಸದ್ಯಕ್ಕೆ ಅರ್ಧ ಒಪ್ಪಿದೆ.

ಬಿಡುವಿನ ಓದುಗ

ಉಳಿದರ್ಧ ಒಪ್ಪಿಸಲು ಸ್ವಾಹಿಲಿಯನ್ನು ಕರೆತರುತ್ತೇನೆ.

ಸ್ವಾಹಿಲಿಯಲ್ಲಿ ‘ನಿ’ಗಳ ಜಾತ್ರೆಯೇ ಇದೆ. ಕ್ರಿಯಾಪದದ ಮುಂದೆ ಬಂದರೆ ‘ನಾನು’: ‘ನಿನಸೋಮ’, ನಾನು ಓದುತ್ತಿದ್ದೇನೆ. ನಡುವೆ ಒಂಟಿಯಾಗಿ ನಿಂತರೆ ‘ಆಗಿದ್ದೇನೆ, ಆಗಿದೆ’: ‘ಮಿಮಿ ನಿ ಮ್ವಾಲಿಮು’, ನಾನು ಶಿಕ್ಷಕ. ನಾಮಪದದ ಕೊನೆಗೆ ಅಂಟಿದರೆ ಸಪ್ತಮಿ: ‘ನ್ಯುಂಬಾ’ ಮನೆ, ‘ನ್ಯುಂಬಾನಿ’ ಮನೆಯಲ್ಲಿ. ಹಲವರಿಗೆ ಆಜ್ಞೆ ಕೊಡುವಾಗ ಕ್ರಿಯಾಪದದ ಕೊನೆಗೆ ಬರುವುದೂ ‘ನಿ’: ‘ಞ್ಜೋ’ ಎಂದರೆ ಬಾ, ‘ಞ್ಜೋನಿ’ ಎಂದರೆ ಬನ್ನಿ.

ಈಗ ಸಂದೇಹಿಗಳು ಕೂಗಬೇಕು: ‘ಬನ್ನಿ’ಯಲ್ಲೂ ‘ನಿ’ ಇದೆಯಲ್ಲ! ಬಹುವಚನದ ಆಜ್ಞೆ, ಕೊನೆಯಲ್ಲಿ ‘ನಿ’, ಅರ್ಥವೂ ಅದೇ! ಆದರೆ ‘ಮಾಡಿ’, ‘ನೋಡಿ’, ‘ಹೋಗಿ’ಗಳನ್ನು ಪಕ್ಕದಲ್ಲಿಟ್ಟರೆ ಗುಟ್ಟು ಹೊರಬೀಳುತ್ತದೆ. ಕನ್ನಡದ ಪ್ರತ್ಯಯ ‘ಇ’ ಮಾತ್ರ. ‘ಬನ್ನಿ’ಯ ನಕಾರ ಕ್ರಿಯಾಪದದ ಕಡೆಗೆ ಸೇರಿದ್ದು. ಕತ್ತರಿಯನ್ನು ಒಂದಕ್ಷರ ಆಚೆ ಇಟ್ಟರೆ ಆಫ್ರಿಕಾದಲ್ಲಿ ನೆಂಟರು ಹುಟ್ಟುತ್ತಾರೆ.

ಐರಿಷ್ ಕಥೆ ಚುಟುಕಾಗಿ ಹೇಳುತ್ತೇನೆ. ಅಲ್ಲಿ ‘ನೀ’ ಎಂದರೆ ಇಲ್ಲ, ಅಲ್ಲ. ಇನ್ನೊಂದು ‘ನೀ’ಗೆ ವಸ್ತು ಎಂದರ್ಥ. ಮತ್ತೊಂದು ‘ನೀ’ ತೊಳೆಯುವುದು. ನಾಲ್ಕನೆಯದು ಹೆಣ್ಣುಮಕ್ಕಳ ಮನೆತನದ ಹೆಸರಿನ ಮುಂದೆ ಬರುತ್ತದೆ. ಗಂಡಾದರೆ ‘ಓ ಬ್ರಿಯನ್’, ಹೆಣ್ಣಾದರೆ ‘ನೀ ವ್ರಿಯನ್’. ಮಗಳು ಎಂಬ ಅರ್ಥದ ‘ಇನೀನ್’ ಮತ್ತು ಅದರ ಮುಂದಿನ ಪದ ಸೇರಿ ಸವೆದು ಉಳಿದ ಚೂರು ಅದು.

ಕಡಲ ಮಗಳು

ನನ್ನ ಮನೆಮಾತು ತುಳು. ಮೇಷ್ಟ್ರು ಮೊದಲನೇ ಪಟ್ಟಿಯಲ್ಲಿ ತಮಿಳು, ತೆಲುಗು, ಬಲೂಚಿಸ್ತಾನ ಎಲ್ಲ ಸುತ್ತಿಬಂದರು, ಪಕ್ಕದ ಮನೆಗೆ ಬರಲಿಲ್ಲ! ತುಳುವಿನಲ್ಲಿ ‘ನೀನು’ ಎಂಬುದಕ್ಕೆ ಬರೀ ‘ಈ’. ನಕಾರವೇ ಇಲ್ಲ. ಕನ್ನಡದವರಿಗೆ ಇದು ‘ಈ ಮನೆ, ಈ ಊರು’ ಎಂಬ ‘ಈ’ ಥರ ಕೇಳುತ್ತದೆ. ಕಾಲೇಜಿನಲ್ಲಿ ನಾನು ಗೆಳತಿಗೆ ‘ಈ ಬಲ’ (ನೀನು ಬಾ) ಎಂದರೆ, ಕನ್ನಡದ ಹುಡುಗಿಯರು ‘ಯಾವ ಬಲ? ಎಡಬಲವೋ?’ ಎಂದು ಕೇಳುತ್ತಿದ್ದರು. ಹಾಗಾದರೆ ನಮ್ಮದು ಬೇರೆ ಪದವೇ?

ನಿವೃತ್ತ ಮೇಷ್ಟ್ರು

ತಪ್ಪಾಯಿತು ತಾಯಿ. ಬೇಕೆಂದೇ ಬಿಟ್ಟದ್ದಲ್ಲ, ಆದರೂ ತಪ್ಪು ತಪ್ಪೇ. ನೀವೇ ಹೇಳಿ, ‘ನಿನ್ನ ಹೆಸರೇನು’ ಎಂದು ತುಳುವಿನಲ್ಲಿ ಕೇಳುವುದು ಹೇಗೆ?

ಕಡಲ ಮಗಳು

‘ನಿನ್ನ ಪುದರ್ ಎಂಚಿನ?’

ಅಯ್ಯೋ. ನಕಾರ ಇಲ್ಲೇ ಇದೆ!

ನಿವೃತ್ತ ಮೇಷ್ಟ್ರು

ಹೌದು. ‘ನೀ’ ತನ್ನ ನಕಾರವನ್ನು ಕಳೆದುಕೊಂಡು ‘ಈ’ ಆಯಿತು, ಆದರೆ ವಿಭಕ್ತಿ ಹತ್ತಿದ ‘ನಿನ್ನ’ದಲ್ಲಿ ಅದು ಉಳಿದುಕೊಂಡಿತು. ಮುಂಬಾಗಿಲಿನ ಹೆಸರುಫಲಕ ಬಿದ್ದುಹೋದರೂ ಒಳಗಿನ ಪೆಟ್ಟಿಗೆಯ ಮೇಲೆ ಹೆಸರು ಹಾಗೇ ಇದ್ದಂತೆ. ನೋಡಿ, ಚೀನಾದ ‘ನೀ’ ಕನ್ನಡದ ‘ನೀ’ಗೆ ಕನ್ನಡಿ ಹಿಡಿದಂತಿದೆ, ಆದರೆ ಹೊರಗಿನದು. ತುಳುವಿನ ‘ಈ’ ಹೋಲುವುದೇ ಇಲ್ಲ, ಆದರೆ ಒಡಹುಟ್ಟು.

ಬ್ರಾಹುಈಯಲ್ಲಿ ‘ಈ’ ಎಂಬ ಪದವಿದೆ. ಅರ್ಥ ‘ನಾನು’! ಒಂದೇ ಕುಟುಂಬದ ಎರಡು ಭಾಷೆಗಳು, ಒಂದೇ ಸದ್ದು, ಒಬ್ಬರಿಗೆ ನೀನು, ಇನ್ನೊಬ್ಬರಿಗೆ ನಾನು. ಕುಟುಂಬದೊಳಗೂ ಮುಖ ನೋಡಿ ಮಣೆ ಹಾಕುವ ಹಾಗಿಲ್ಲ.

ಉತ್ತರ ಧ್ರುವ

ಕಡಲ ಮಗಳ ಮಾತು ಓದಿ ಕುರ್ಚಿಯಿಂದ ಎದ್ದುಬಿಟ್ಟೆ. ನಾನು ಹನ್ನೊಂದು ವರ್ಷದಿಂದ ಸ್ವೀಡನ್ನಿನಲ್ಲಿದ್ದೇನೆ. ಸ್ವೀಡಿಷ್ ಭಾಷೆಯಲ್ಲಿ ‘ನೀ’ ಎಂದರೆ ನೀವು. ಇಷ್ಟೇ ಆಗಿದ್ದರೆ ಲೆಕ್ಕಾಚಾರದವರ 70ರಲ್ಲಿ ಇದೂ ಒಂದು ಎಂದು ಸುಮ್ಮನಿರುತ್ತಿದ್ದೆ. ಆದರೆ ಈ ‘ನೀ’ ಹುಟ್ಟಿದ್ದು ಹೇಗೆ ಗೊತ್ತೇ? ಹಿಂದೆ ಸ್ವೀಡಿಷ್‌ನಲ್ಲಿ ನೀವು ಎಂಬುದಕ್ಕೆ ಇದ್ದ ಪದ ‘ಈ’!

ಆಗ ಬಹುವಚನದ ಕ್ರಿಯಾಪದದ ಕೊನೆಗೆ ‘ಎನ್’ ಬರುತ್ತಿತ್ತು. ಪ್ರಶ್ನೆ ಕೇಳುವಾಗ ಕ್ರಿಯಾಪದ ಮೊದಲು, ಸರ್ವನಾಮ ಆಮೇಲೆ. ‘ನಿಮಗೆ ಗೊತ್ತೇ’ ಎಂಬುದಕ್ಕೆ ‘ವೇತೆನ್ ಈ’. ಇದನ್ನು ಬೇಗಬೇಗ ನಾಲ್ಕು ಸಲ ಹೇಳಿ ನೋಡಿ. ವೇತೆನೀ, ವೇತೆನೀ. ಕ್ರಿಯಾಪದದ ಬಾಲದ ನಕಾರ ಸರ್ವನಾಮದ ತಲೆಗೆ ಅಂಟಿತು, ‘ಈ’ ಹೋಗಿ ‘ನೀ’ ಬಂತು.

ತುಳುವರು ‘ನೀ’ಯ ನಕಾರ ಕಳೆದುಕೊಂಡು ‘ಈ’ ಮಾಡಿಕೊಂಡರು. ಸ್ವೀಡನ್ನಿನವರು ಎಲ್ಲಿಂದಲೋ ನಕಾರ ತಂದು ‘ಈ’ಯನ್ನು ‘ನೀ’ ಮಾಡಿಕೊಂಡರು. ನಡುವೆ ಅರ್ಧ ಭೂಮಿ ಇದೆ, ಒಬ್ಬರಿಗೊಬ್ಬರು ಗೊತ್ತೇ ಇಲ್ಲ.

ಮರ್ಯಾದೆಯ ವಿಷಯವೂ ಇದೆ. ನಮಗೆ ‘ನೀವು’ ಎಂದರೆ ಗೌರವ. ಇಲ್ಲಿ ಬಹುಕಾಲ ಒಬ್ಬರನ್ನು ‘ನೀ’ ಎಂದರೆ ಕೆಳಗಿನವರನ್ನು ಕರೆದಂತಿತ್ತು. ದೊಡ್ಡವರಿಗೆ ‘ನೀನು’ ಎನ್ನುವ ಹಾಗಿಲ್ಲ, ‘ನೀವು’ ಎನ್ನುವ ಹಾಗೂ ಇಲ್ಲ. ಹುದ್ದೆ ಹಿಡಿದು, ಎದುರಿಗೇ ಇರುವವರನ್ನು ‘ಡಾಕ್ಟರು ಕೂರುತ್ತಾರೆಯೇ?’ ಎಂದು ಕೇಳಬೇಕಿತ್ತು. 1967ರಲ್ಲಿ ಆರೋಗ್ಯ ಇಲಾಖೆಯ ಮುಖ್ಯಸ್ಥರಾಗಿ ಬಂದ ಬ್ರೂರ್ ರೆಕ್ಸೆಡ್ ಎಂಬುವರು ತಮ್ಮ ಸಿಬ್ಬಂದಿಯನ್ನೆಲ್ಲ ‘ದು’, ಅಂದರೆ ‘ನೀನು’ ಎಂದೇ ಕರೆಯುವುದಾಗಿ ಹೇಳಿದರು. ಆ ಬದಲಾವಣೆಗೆ ಆಗಲೇ ಗಾಳಿ ಬೀಸುತ್ತಿತ್ತು, ಕೆಲವೇ ವರ್ಷಗಳಲ್ಲಿ ದೇಶಕ್ಕೆ ದೇಶವೇ ‘ನೀನು’ಗೆ ಇಳಿಯಿತು. ನಾನು ಬಂದ ಹೊಸದರಲ್ಲಿ ನನ್ನ ಮೇಲಧಿಕಾರಿಗೆ ಗೌರವದಿಂದ ‘ನೀ’ ಎಂದೆ. ಆಕೆ ಹಿಂದೆ ತಿರುಗಿ, ತನ್ನ ಜೊತೆ ಇನ್ಯಾರಾದರೂ ನಿಂತಿದ್ದಾರೆಯೇ ಎಂದು ನೋಡಿದರು.

ಲೆಕ್ಕಾಚಾರ

ಈ ತುಳು-ಸ್ವೀಡಿಷ್ ಅದಲುಬದಲಿಗೆ ನನ್ನ ಹತ್ತಿರ ಸೂತ್ರವಿಲ್ಲ. ಸೋತೆ.

ತಂಬೂರಿ

ಆರೋಹಣ, ಅವರೋಹಣ!

ಅಲೆಮಾರಿ ಅಕ್ಷರ

ಎಲ್ಲರಿಗೂ ಕೈಮುಗಿದೆ. ಒಂದೇ ಮನೆಯವರಿರಬಹುದೇ ಎಂದು ಕೇಳಿ ಬಂದವನು, ಪಕ್ಕದ ಮನೆಯ ‘ಈ’ಯನ್ನೇ ಗುರುತಿಸಿರಲಿಲ್ಲ.

ರಾತ್ರಿ ಅಮ್ಮನಿಗೆ ಇಷ್ಟನ್ನೂ ಓದಿ ಹೇಳಿದೆ. ಫ್ರೆಂಚ್ ಹಕ್ಕಿಗೂಡು, ಆಜಾನುಬಾಹು, ಸ್ವೀಡನ್ ಎಲ್ಲವನ್ನೂ ಕೇಳಿಸಿಕೊಂಡಳು. ಕೊನೆಗೆ, ‘ಅದೆಲ್ಲ ಇರಲಿ, ಆ ಹಾವಿನ ಕಥೆ ಏನಾಯಿತು?’ ಎಂದಳು. ಚೀನೀಯಲ್ಲಿ ‘ಹಾವ್’ ಎಂದರೆ ಒಳ್ಳೆಯದು, ಒಳ್ಳೆ ಎಂದೆ.

‘ಹಾಗಾದರೆ ಅವನು ಹೇಳಿದ್ದು ಒಳ್ಳೆ ಹಾವೇ. ಅದು ನೀರಿನಲ್ಲಿರುತ್ತದೆ, ವಿಷವಿಲ್ಲ, ಕಚ್ಚಿದರೂ ಏನೂ ಆಗುವುದಿಲ್ಲ’ ಎಂದು ದೀಪ ಆರಿಸಿದಳು.

ಸಂದೇಹಿ

ತಾಳಿ, ತಾಳಿ. ‘ಒಳ್ಳೆಯದು’ ಎನ್ನುವ ಒಳ್ಳೆಗೂ ‘ನೀರೊಳ್ಳೆ’ ಎಂಬ ಹಾವಿನ ಒಳ್ಳೆಗೂ ನೆಂಟಸ್ತನ ಇದೆಯೋ, ಇಲ್ಲವೋ? ಮೇಷ್ಟ್ರೇ, ಬನ್ನಿ. ನಿಮ್ಮ ‘ಬನ್ನಿ’ಯ ನಕಾರವನ್ನೂ ಜೊತೆಗೆ ತನ್ನಿ.